ಡ್ರಾಫ್ಟ್ ಫ್ಯಾಂಟಸಿ ಫುಟ್‌ಬಾಲ್: ಹಸಿರು ಬಣ್ಣಕ್ಕೆ ಮರುಳಾಗುವ ಮುಂಚೆ ಇದನ್ನು ಓದಿ

ಇದು ಇಂಗ್ಲೆಂಡಿನ ಪ್ರೀಮಿಯರ್ ಲೀಗಿನವರೇ ನಡೆಸುವ ಫ್ಯಾಂಟಸಿ ಆಟದ (ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟಿ, ಅವರು ಆಡಿದ್ದಕ್ಕೆ ಪಾಯಿಂಟ್ ಪಡೆಯುವ ಆಟ), ಅಂದರೆ ಎಫ್‌ಪಿಎಲ್‌ನ, ಡ್ರಾಫ್ಟ್ ಆವೃತ್ತಿಯ ವಿಮರ್ಶೆ. ಜೊತೆಗೆ ಅವರೇ ಕೊಡುವ ಎಫ್‌ಡಿಆರ್ ಅನ್ನೋ, ಯಾವ ಪಂದ್ಯ ಎಷ್ಟು ಕಷ್ಟ ಅಂತ ತೋರಿಸುವ ಬಣ್ಣದ ಪಟ್ಟಿಯನ್ನು ಸೀಸನ್ ಶುರುವಿನಲ್ಲಿ ಎಷ್ಟು ನಂಬಬಹುದು ಅನ್ನೋದೂ ಇದೆ. ನಿಜ ಹೇಳಬೇಕಂದ್ರೆ ಎರಡನೆಯದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕ್ಲಾಸಿಕ್ ಆಟ ಬಹಳ ಜನಕ್ಕೆ ಗೊತ್ತು. 100 ಮಿಲಿಯನ್ ಪೌಂಡ್ ಬಜೆಟ್, 15 ಆಟಗಾರರು, ಒಂದು ಕ್ಲಬ್ಬಿನಿಂದ ಮೂರು ಜನಕ್ಕಿಂತ ಜಾಸ್ತಿ ಇಲ್ಲ. ಅದರಲ್ಲಿ ಸ್ಟ್ರೈಕರ್ ಹಾಲಂಡ್ ನಿಮ್ಮ ಹತ್ತಿರವೂ ಇರುತ್ತಾನೆ, ನನ್ನ ಹತ್ತಿರವೂ ಇರುತ್ತಾನೆ, ಪಕ್ಕದ ಮನೆಯವನ ಹತ್ತಿರವೂ ಇರುತ್ತಾನೆ. 2017-18ರಲ್ಲಿ ಬಂದ ಡ್ರಾಫ್ಟ್‌ನಲ್ಲಿ ಹಾಗಿಲ್ಲ. ಒಂದು ಲೀಗಿನಲ್ಲಿ, ಅಂದರೆ ಒಟ್ಟಿಗೆ ಆಡುವವರ ಗುಂಪಿನಲ್ಲಿ, ಒಬ್ಬ ಆಟಗಾರ ಒಬ್ಬರಿಗೆ ಮಾತ್ರ. ಬಜೆಟ್ ಇಲ್ಲ, ಪಾಯಿಂಟ್ ದುಪ್ಪಟ್ಟು ಮಾಡುವ ಕ್ಯಾಪ್ಟನ್ ಇಲ್ಲ, ಇಡೀ ತಂಡ ಒಮ್ಮೆಲೇ ಬದಲಾಯಿಸುವ ವೈಲ್ಡ್‌ಕಾರ್ಡ್ ಇಲ್ಲ. ಸರದಿ ಪ್ರಕಾರ ಆರಿಸಿಕೊಳ್ಳಬೇಕು. ಸರದಿ ಹಾವಿನ ಹಾಗೆ ಹೋಗಿ ತಿರುಗುತ್ತೆ, ಅಂದರೆ ಎಂಟು ಜನರ ಲೀಗಿನಲ್ಲಿ ಮೊದಲನೆಯವನಿಗೆ 1ನೇ ಆಯ್ಕೆ ಆದಮೇಲೆ ಸಿಗೋದು 16ನೆಯದು. ಆಟ ಪೂರ್ತಿ ಉಚಿತ.

2025ರ ಆಗಸ್ಟ್‌ನಲ್ಲಿ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದು ದುಡ್ಡು ಕಟ್ಟಿ ಆಡುವ ಫ್ಯಾಂಟಸಿ ಆಟಗಳೆಲ್ಲ ನಿಂತವಲ್ಲ, ಆಗ ಕೈ ಕಡಿಯುತ್ತಿದ್ದ ತುಮಕೂರಿನ ಒಂದಷ್ಟು ಹುಡುಗರು ಈ ಕಡೆ ವಾಲಿದರು. ನಮ್ಮ ಲೀಗಿನಲ್ಲಿ ಎಂ.ಜಿ. ರಸ್ತೆಯ ಮೊಬೈಲ್ ಅಂಗಡಿಯವನಿದ್ದಾನೆ, ವಸಂತನರಸಾಪುರದಲ್ಲಿ ಶಿಫ್ಟ್ ಮಾಡುವವನಿದ್ದಾನೆ, ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವರಿದ್ದಾರೆ, ಕಾಲೇಜಿನಲ್ಲಿ ಪಾಠ ಮಾಡುವ ಸರ್ ಒಬ್ಬರಿದ್ದಾರೆ. ಕ್ಯಾತ್ಸಂದ್ರದಲ್ಲಿ ಒಬ್ಬನ ಮನೆ ಮಹಡಿ ಮೇಲೆ ಡ್ರಾಫ್ಟ್ ಇಟ್ಟುಕೊಂಡಿದ್ದೆವು. ಒಬ್ಬೊಬ್ಬರಿಗೂ ಸೆಕೆಂಡಿನ ಲೆಕ್ಕದಲ್ಲಿ ಟೈಮು. ನಮ್ಮ ಶಿಫ್ಟ್ ಹುಡುಗ ತಟ್ಟೆ ಇಡ್ಲಿಯ ಚಟ್ನಿ ಕೈಯಲ್ಲಿಟ್ಟುಕೊಂಡು, ಮೊಬೈಲನ್ನು ಕಿರುಬೆರಳಲ್ಲಿ ತಳ್ಳುತ್ತಾ ತಳ್ಳುತ್ತಾ ಟೈಮು ಮುಗಿದು, ಆಪೇ ಅವನ ಪರವಾಗಿ ಒಬ್ಬ ಗೋಲ್‌ಕೀಪರನ್ನು ಎತ್ತಿಟ್ಟುಬಿಟ್ಟಿತು. ಹಾಗಾಗಿ ಮೊದಲೇ ಒಂದು ವಾಚ್‌ಲಿಸ್ಟ್ ಮಾಡಿಟ್ಟುಕೊಳ್ಳಿ, ಟೈಮು ಮೀರಿದರೂ ನಿಮ್ಮ ಪಟ್ಟಿಯಿಂದಲೇ ಬರುತ್ತೆ.

ಈಗ ಬಣ್ಣದ ವಿಷಯ. ಫಿಕ್ಸ್ಚರ್ ಪಟ್ಟಿ, ಅಂದರೆ ಯಾರು ಯಾವಾಗ ಯಾರ ಮೇಲೆ ಆಡುತ್ತಾರೆ ಅನ್ನೋದು, ಜೂನ್‌ನಲ್ಲೇ ಬರುತ್ತೆ, 2025-26ರದ್ದು ಜೂನ್ 18ಕ್ಕೆ ಬಂತು. ಎಫ್‌ಡಿಆರ್ ಪ್ರತಿ ಪಂದ್ಯಕ್ಕೂ 1ರಿಂದ 5ರವರೆಗೆ ನಂಬರ್ ಕೊಡುತ್ತೆ. ಸುಲಭ ಅಂದರೆ ಹಸಿರು, ಮಧ್ಯದ್ದು ಬೂದು, ಕಷ್ಟ ಅಂದರೆ ಕೆಂಪು. ನೋಡಕ್ಕೆ ಬಹಳ ಚೆನ್ನಾಗಿದೆ. ಸಾಲಾಗಿ ನಾಲ್ಕು ಹಸಿರು ಕಂಡರೆ ಯಾರಿಗಾದರೂ ಆಸೆ ಆಗುತ್ತೆ. ತೊಂದರೆ ಶುರುವಾಗೋದೂ ಅಲ್ಲೇ.

ಡ್ರಾಫ್ಟಿನ ಮೊದಲ ನಾಲ್ಕೈದು ಸುತ್ತಿನಲ್ಲಿ ಈ ಪಟ್ಟಿಯನ್ನು ತೆಗೆದೇ ನೋಡಬೇಡಿ. ಹಾಲಂಡ್ ಸಿಕ್ಕರೆ ತಗೊಳ್ಳಿ, ಎದುರಾಳಿ ಯಾರಾದರೇನು. 2024-25ರಲ್ಲಿ 344 ಪಾಯಿಂಟ್ ಹೊಡೆದು ದಾಖಲೆ ಮಾಡಿದ್ದ ಲಿವರ್‌ಪೂಲ್‌ನ ಸಲಾಹ್‌ನನ್ನು ನಮ್ಮಲ್ಲಿ ಮೊದಲು ಎತ್ತಿಕೊಂಡವನು ಮಾಡಿದ್ದೂ ಸರಿಯೇ, ಅವನು ಮರುವರ್ಷ ಮಂಕಾಗಿದ್ದಕ್ಕೂ ಫಿಕ್ಸ್ಚರಿಗೂ ಸಂಬಂಧವಿಲ್ಲ. 38 ವಾರ ಇಟ್ಟುಕೊಳ್ಳುವ ಆಟಗಾರನನ್ನು ನಾಲ್ಕು ವಾರದ ಬಣ್ಣ ನೋಡಿ ಆರಿಸೋದರಲ್ಲಿ ಅರ್ಥವಿಲ್ಲ ಅಲ್ವಾ?

ಪಟ್ಟಿ ಕೆಲಸಕ್ಕೆ ಬರೋದು 10ನೇ ಸುತ್ತು ದಾಟಿದ ಮೇಲೆ. ಎಂಟು ಜನ ಸೇರಿದರೆ 120 ಆಟಗಾರರು ಹೋಗುತ್ತಾರೆ. ಕೊನೆಯ ನಾಲ್ಕೈದು ಜಾಗಕ್ಕೆ ಉಳಿಯುವವರೆಲ್ಲ ಹೆಚ್ಚುಕಡಿಮೆ ಒಂದೇ ಮಟ್ಟದವರು. ಅಲ್ಲಿ ಮೊದಲ ನಾಲ್ಕು ವಾರ ಯಾರಿಗೆ ಸುಲಭ ಅಂತ ನೋಡಿ ತಗೊಂಡು, ಹಸಿರು ಮುಗಿದ ತಕ್ಷಣ ಬಿಟ್ಟುಬಿಡಿ. ಡ್ರಾಫ್ಟ್‌ನಲ್ಲಿ ಬದಲಾಯಿಸಿದ್ದಕ್ಕೆ ಕ್ಲಾಸಿಕ್ ಥರ 4 ಪಾಯಿಂಟ್ ಕಡಿತ ಇಲ್ಲ. ಎರಡು ಜಾಗವನ್ನು ಬಾಡಿಗೆ ಮನೆ ಅಂತ ಇಟ್ಟುಕೊಂಡರೆ ಸಾಕು.

ಗೋಲ್‌ಕೀಪರ್ ವಿಷಯಕ್ಕೆ ಇನ್ನೂ ಸುಲಭದ ದಾರಿ ಇದೆ. ಒಂದೇ ಊರಿನ ಎರಡು ಕ್ಲಬ್ಬಿಗೆ ಸಾಮಾನ್ಯವಾಗಿ ಒಂದೇ ವಾರ ತವರಿನಲ್ಲಿ ಪಂದ್ಯ ಇಡುವುದಿಲ್ಲ, ಪೊಲೀಸ್ ಬಂದೋಬಸ್ತು, ಜನಜಂಗುಳಿ ಎಲ್ಲ ನೋಡಬೇಕಲ್ಲ. 2025ರ ಆಗಸ್ಟ್ ತೆಗೆದು ನೋಡಿ. ಮೊದಲ ವಾರ ಲಿವರ್‌ಪೂಲ್ ತವರಲ್ಲಿ, ಎವರ್ಟನ್ ಹೊರಗೆ. ಎರಡನೇ ವಾರ ಉಲ್ಟಾ. ಮೂರನೇ ವಾರ ಮತ್ತೆ ಲಿವರ್‌ಪೂಲ್ ತವರಲ್ಲಿ. ಇಂಥ ಜೋಡಿಯ ಎರಡು ಕೀಪರ್ ಕೈಯಲ್ಲಿದ್ದರೆ ಹೆಚ್ಚುಕಡಿಮೆ ಪ್ರತಿ ವಾರ ಒಬ್ಬ ತವರಲ್ಲಿ ಆಡುತ್ತಿರುತ್ತಾನೆ. ಇದಕ್ಕೆ ಯಾವ ಬಣ್ಣವೂ ಬೇಡ, ಪಟ್ಟಿ ಓದಕ್ಕೆ ಬಂದರೆ ಸಾಕು.

ಇನ್ನು ಎಫ್‌ಡಿಆರ್‌ನ ಹುಳುಕು. ಅದು ಎದುರಾಳಿಯನ್ನು ನೋಡುತ್ತೆ, ನಿಮ್ಮ ಆಟಗಾರನ ತಂಡವನ್ನಲ್ಲ. ಡಿಫೆಂಡರಿಗೂ ಫಾರ್ವರ್ಡಿಗೂ ಒಂದೇ ನಂಬರ್ ಕೊಡುತ್ತೆ. ಆಗಸ್ಟ್‌ನಲ್ಲಂತೂ ಹೋದ ವರ್ಷದ ಕನ್ನಡಕ ಹಾಕಿಕೊಂಡೇ ಕೂತಿರುತ್ತೆ. ಸಂಡರ್‌ಲ್ಯಾಂಡ್ 2025-26ಕ್ಕೆ ಬಡ್ತಿ ಪಡೆದು ಬಂದ ತಂಡ, 2016-17ರ ನಂತರ ಮೊದಲ ಸಲ ಮೇಲಿನ ಲೀಗಿಗೆ ಬಂದದ್ದು. ಅವರ ಮೇಲೆ ಯಾರೇ ಆಡಿದರೂ ಹಸಿರು. ಅವರು ಮೊದಲ ದಿನವೇ ವೆಸ್ಟ್ ಹ್ಯಾಮ್‌ಗೆ 3-0 ಬಾರಿಸಿದರು, ಅಕ್ಟೋಬರ್‌ನಲ್ಲಿ ಚೆಲ್ಸಿಯನ್ನು ಅವರ ಮನೆಯಲ್ಲೇ 2-1ರಲ್ಲಿ ಸೋಲಿಸಿದರು, ನವೆಂಬರ್‌ನಲ್ಲಿ ಆರ್ಸೆನಲ್ ಜೊತೆ 2-2 ಮಾಡಿಕೊಂಡರು. ಅದೇ ವೂಲ್ವ್ಸ್ ಹಳೇ ತಂಡ, ಮೊದಲ 10 ಪಂದ್ಯದಲ್ಲಿ ಸಿಕ್ಕಿದ್ದು ಎರಡೇ ಪಾಯಿಂಟ್, ಗೆಲುವು ಸೊನ್ನೆ. ನಿಜವಾದ ಕಡು ಹಸಿರು ಅಲ್ಲಿತ್ತು.

ಇದಕ್ಕಿಂತ ದೊಡ್ಡ ಪಾಠ ಆರ್ಸೆನಲ್‌ದು. ಮೊದಲ ಆರು ವಾರ ಅವರ ಪಟ್ಟಿ ನೋಡಿದರೆ ಭಯ ಆಗಬೇಕು. ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ ಹೊರಗೆ, ಲೀಡ್ಸ್, ಲಿವರ್‌ಪೂಲ್ ಮೇಲೆ ಹೊರಗೆ, ನಾಟಿಂಗ್‌ಹ್ಯಾಮ್ ಫಾರೆಸ್ಟ್, ಮ್ಯಾಂಚೆಸ್ಟರ್ ಸಿಟಿ, ನ್ಯೂಕ್ಯಾಸಲ್ ಮೇಲೆ ಹೊರಗೆ. ನಮ್ಮಲ್ಲಿ ಸುಮಾರು ಜನ ಅವರ ಡಿಫೆಂಡರುಗಳನ್ನು ಮುಟ್ಟಲೇ ಇಲ್ಲ. ಆ ಆರರಲ್ಲಿ ಮೂರು ಕ್ಲೀನ್ ಶೀಟ್ ಬಂತು (ಅಂದರೆ ಒಂದೂ ಗೋಲು ಬಿಟ್ಟುಕೊಡಲಿಲ್ಲ), ಉಳಿದ ಮೂರರಲ್ಲೂ ಬಿಟ್ಟುಕೊಟ್ಟಿದ್ದು ಒಂದೊಂದೇ ಗೋಲು. ಒಳ್ಳೆ ತಂಡಕ್ಕೆ ಕೆಂಪು ಬಣ್ಣ ಅಷ್ಟಾಗಿ ತಟ್ಟೋದಿಲ್ಲ. ಆ ವರ್ಷದಿಂದ ಬಂದ ಇನ್ನೊಂದು ನಿಯಮವೂ ಸೇರಿಸಿಕೊಳ್ಳಿ: ಡಿಫೆಂಡರ್ ಒಂದು ಪಂದ್ಯದಲ್ಲಿ ಚೆಂಡು ಕ್ಲಿಯರ್ ಮಾಡಿದ್ದು, ತಡೆದದ್ದು, ಟ್ಯಾಕಲ್ ಎಲ್ಲ ಸೇರಿ 10 ಆದರೆ 2 ಪಾಯಿಂಟ್. ಬಲವಾದ ತಂಡದ ಎದುರು ಆಡುವಾಗಲೇ ಇಂಥ ಕೆಲಸ ಜಾಸ್ತಿ ಬೀಳೋದು. ಹಾಗಾಗಿ ಸಾಧಾರಣ ಕ್ಲಬ್ಬಿನ ಸ್ಟಾಪರ್ ಬ್ಯಾಕ್‌ಗೆ ಕೆಂಪು ವಾರವೂ ಪೂರ್ತಿ ದಂಡ ಅಲ್ಲ.

ಟ್ರೇಡ್, ಅಂದರೆ ಲೀಗಿನ ಇನ್ನೊಬ್ಬನ ಜೊತೆ ಆಟಗಾರರ ಅದಲುಬದಲು, ಮಾಡಕ್ಕೆ ಮಾತ್ರ ಈ ಪಟ್ಟಿಯಷ್ಟು ಒಳ್ಳೆ ಆಯುಧ ಇನ್ನೊಂದಿಲ್ಲ, ಯಾಕಂದ್ರೆ ಎದುರಿಗಿರುವವನೂ ಅದನ್ನೇ ನೋಡುತ್ತಿರುತ್ತಾನೆ. ಚೆಲ್ಸಿಯ ಜೋವಾವ್ ಪೆಡ್ರೊ ಎರಡನೇ ವಾರ ವೆಸ್ಟ್ ಹ್ಯಾಮ್ ಮೇಲೆ ಗೋಲು, ಮೂರನೇ ವಾರ ಫುಲಮ್ ಮೇಲೆ ಗೋಲು. ಊರೆಲ್ಲ ಅವನದೇ ಮಾತು. ಮುಂದೆ ಬ್ರೆಂಟ್‌ಫರ್ಡ್, ಯುನೈಟೆಡ್ ಎರಡೂ ಹೊರಗೆ, ಸ್ವಲ್ಪ ದಿನಕ್ಕೆ ಲಿವರ್‌ಪೂಲ್. ಸೆಪ್ಟೆಂಬರ್ ಮೊದಲ ವಾರ ದೇಶಗಳ ಪಂದ್ಯಕ್ಕೆ ಅಂತ ಲೀಗು ನಿಂತಿತ್ತಲ್ಲ, ಆಗ ನಮ್ಮ ಮೊಬೈಲ್ ಅಂಗಡಿಯವನು ರೈಲಿನವನ ತಲೆ ತಿನ್ನಕ್ಕೆ ಶುರು ಮಾಡಿದ. "ಗುರೂ, ನಿಂಗೆ ಪೆಡ್ರೊ ಕೊಡ್ತೀನಿ, ಜೊತೆಗೊಬ್ಬ ಡಿಫೆಂಡರ್. ನಂಗೆ ಗೇಬ್ರಿಯಲ್ ಕೊಡು, ಆ ಥಿಯಾಗೊ ಅನ್ನೋನನ್ನೂ ಕೊಡು, ನಿಂಗೇನು ಲಾಸು?" ಎರಡೂ ತಂಡದಲ್ಲಿ 2 ಕೀಪರ್, 5 ಡಿಫೆಂಡರ್, 5 ಮಿಡ್‌ಫೀಲ್ಡರ್, 3 ಫಾರ್ವರ್ಡ್ ಅನ್ನೋ ಲೆಕ್ಕ ಕೆಡಬಾರದು, ಅದಕ್ಕೇ ಇಬ್ಬರಿಗೆ ಇಬ್ಬರು. ರೈಲಿನವನಿಗೆ ಆರ್ಸೆನಲ್ ಡಿಫೆಂಡರ್ ಗೇಬ್ರಿಯಲ್ ಮುಂದೆ ಸಿಟಿ, ನ್ಯೂಕ್ಯಾಸಲ್ ಕಂಡವು. ಖುಷಿಯಿಂದ ಒಪ್ಪಿಕೊಂಡ.

ಆಮೇಲೆ ಆಗಿದ್ದು ಇಷ್ಟು. ಪೆಡ್ರೊನ ಮುಂದಿನ ಲೀಗ್ ಗೋಲು ಬಂದದ್ದು ನವೆಂಬರ್ 1ಕ್ಕೆ. ಗೇಬ್ರಿಯಲ್ ನ್ಯೂಕ್ಯಾಸಲ್ ಮೇಲೆ ಕೊನೇ ಗಳಿಗೆಯಲ್ಲಿ ತಲೆಯಿಂದ ಗೋಲು ಹೊಡೆದ. 7ನೇ ವಾರದಿಂದ ಆರ್ಸೆನಲ್‌ಗೆ ಹಸಿರು ಶುರುವಾಯಿತು: ವೆಸ್ಟ್ ಹ್ಯಾಮ್, ಫುಲಮ್, ಕ್ರಿಸ್ಟಲ್ ಪ್ಯಾಲೆಸ್, ಬರ್ನ್ಲಿ. ನಾಲ್ಕಕ್ಕೆ ನಾಲ್ಕೂ ಕ್ಲೀನ್ ಶೀಟ್. ಬ್ರೆಂಟ್‌ಫರ್ಡ್‌ನ ಇಗೊರ್ ಥಿಯಾಗೊ ಬೇರೆ ಗೋಲಿನ ಮಳೆ ಸುರಿಸಿದ, ಅದು ಅಂಗಡಿಯವನ ಅದೃಷ್ಟ, ಅದನ್ನು ಫಿಕ್ಸ್ಚರ್ ಓದಿದ ಬುದ್ಧಿ ಅಂತ ಅವನು ಈಗಲೂ ಜಂಬ ಕೊಚ್ಚಿಕೊಳ್ಳೋದನ್ನು ನಾನು ಒಪ್ಪುವುದಿಲ್ಲ. ಗೇಬ್ರಿಯಲ್ ನವೆಂಬರ್‌ನಲ್ಲಿ ಬ್ರೆಜಿಲ್ ಪರ ಆಡಿ ಗಾಯ ಮಾಡಿಕೊಂಡ. ಅದನ್ನಂತೂ ಯಾವ ಪಟ್ಟಿಯೂ ಹೇಳಲ್ಲ.

ನೀವು ಟ್ರೇಡ್ ಮಾಡುವುದಾದರೆ ಕೆಂಪು ಸಾಲು ಮುಗಿಯೋಕೆ ಎರಡು ವಾರ ಇರುವಾಗಲೇ ಕೇಳಿ. ಮುಗಿದ ಮೇಲೆ ಕೇಳಿದರೆ ಎಲ್ಲರಿಗೂ ಹಸಿರು ಕಂಡಿರುತ್ತೆ, ಯಾರೂ ಬಿಟ್ಟುಕೊಡಲ್ಲ. ಮಾರುವುದೂ ಅಷ್ಟೇ, ಗೋಲು ಹೊಡೆದ ಸೋಮವಾರ ಬೆಳಿಗ್ಗೆ ಮಾತಾಡಿ. ಆಫ್ರಿಕಾ ಕಪ್ ಇರುವ ವರ್ಷವಾದರೆ ಆ ದಿನಾಂಕಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಿ. 2025ರ ಡಿಸೆಂಬರ್ 21ಕ್ಕೆ ಮೊರಾಕೊದಲ್ಲಿ ಅದು ಶುರುವಾದಾಗ ಸಲಾಹ್, ಎಂಬ್ಯೂಮೊ ಎಲ್ಲ ಅಲ್ಲಿಗೆ ಹೋದರು.

ನಮ್ಮ ಕಡೆಯವರಿಗೆ ದೊಡ್ಡ ತಲೆನೋವು ಟೈಮಿಂಗು. ವಾರದ ಮೊದಲ ಪಂದ್ಯಕ್ಕೆ 90 ನಿಮಿಷ ಮುಂಚೆ ತಂಡ ಲಾಕ್. ಯಾರ ತಂಡದಲ್ಲೂ ಇಲ್ಲದ ಆಟಗಾರರನ್ನು ಸರದಿ ಪ್ರಕಾರ ಎತ್ತಿಕೊಳ್ಳುವ ವೇವರ್ ಅದಕ್ಕೂ 24 ಗಂಟೆ ಮುಂಚೆ ಮುಗಿಯುತ್ತೆ. ಶನಿವಾರ ನಮ್ಮ ಸಂಜೆ 5ಕ್ಕೆ ಮೊದಲ ಪಂದ್ಯ ಇದ್ದರೆ ವೇವರ್ ಶುಕ್ರವಾರ ಮಧ್ಯಾಹ್ನ 3:30ಕ್ಕೆ, ಸರಿಯಾಗಿ ಕೆಲಸದ ಹೊತ್ತಿನಲ್ಲಿ. ಶುಕ್ರವಾರ ರಾತ್ರಿ ಪಂದ್ಯ ಇದ್ದರೆ ಗುರುವಾರ ರಾತ್ರಿ 11ಕ್ಕೆ. ಅಕ್ಟೋಬರ್ ಕೊನೆಯಲ್ಲಿ ಇಂಗ್ಲೆಂಡಿನವರು ಗಡಿಯಾರ ತಿರುಗಿಸುತ್ತಾರೆ, ಆಗ ನಮಗೆ ಎಲ್ಲ ಒಂದು ಗಂಟೆ ತಡ. ಕೊನೆಯ ಸ್ಥಾನದಲ್ಲಿರುವವನಿಗೆ ವೇವರಿನಲ್ಲಿ ಮೊದಲ ಸರದಿ, ಇದು ನನಗೆ ಬಹಳ ಇಷ್ಟವಾದ ನಿಯಮ, ಸೋಲುತ್ತಿರುವವನೂ ಆಟ ಬಿಟ್ಟು ಹೋಗಲ್ಲ.

ಡ್ರಾಫ್ಟ್ ಆಟಕ್ಕೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಬಣ್ಣದ ಪಟ್ಟಿಗೆ ಮೂರು, ಅದೂ ಆಗಸ್ಟ್‌ನಲ್ಲಿ ಎರಡೂವರೆ. ಲೀಗಿಗೆ 16 ಜನರವರೆಗೆ ಸೇರಿಸಬಹುದು, ಆದರೆ ಎಂಟರಿಂದ ಹತ್ತಕ್ಕೆ ನಿಲ್ಲಿಸಿ. ಅದಕ್ಕಿಂತ ಜಾಸ್ತಿ ಆದರೆ ಹಸಿರು ಫಿಕ್ಸ್ಚರ್ ಕಂಡರೂ ವೇವರಿನಲ್ಲಿ ಎತ್ತಿಕೊಳ್ಳಕ್ಕೆ ಆಡುವ ಆಟಗಾರರೇ ಉಳಿದಿರಲ್ಲ, ಬೆಂಚಿನಲ್ಲಿ ಕೂರುವವರು ಮಾತ್ರ ಸಿಗುತ್ತಾರೆ.