ಅರಳಿ ಎಲೆಗೆ ರೆಡಿಮೇಡ್ ಫ್ರೇಮ್: ಕೊಳ್ಳಬಹುದೇ?

ಮೈಸೂರಿನ ದೇವರಾಜ ಅರಸು ರಸ್ತೆ ಆಸುಪಾಸಿನ ಅಂಗಡಿಗಳಲ್ಲಿ ಸಿಗುವ ಅಗ್ಗದ ಎ4 ಫ್ರೇಮ್ ಫೋಟೋಗೆ ಸರಿ; ಅರಳಿ ಎಲೆಯ ಜಾಲರಿಗೆ (ಹಸಿರು ಕಳಚಿ ನರಗಳಷ್ಟೇ ಉಳಿದ ಎಲೆ) ಹಾಗೇ ಬಳಸಿದರೆ ಕೆಡುತ್ತೆ. ಗಾಜು ಎಲೆಗೆ ತಾಗಿ ಕೂರುತ್ತೆ, ಮಳೆಗಾಲದಲ್ಲಿ ತೇವ ಸಿಕ್ಕಿಕೊಂಡು ಬೂಷ್ಟು ಹಿಡಿಯುತ್ತೆ. ಗಾಜು ಎಲೆಗೆ ತಾಗದಂತೆ ನಾಲ್ಕೂ ಅಂಚಿಗೆ 2 ಮಿ.ಮೀ. ದಪ್ಪದ ಮೌಂಟ್ ಬೋರ್ಡ್ (ದಪ್ಪ ರಟ್ಟು) ಪಟ್ಟಿ ಕೊಡಿ. ಚೌಕಟ್ಟಿನ ಒಳಗುಳಿ (ಗಾಜು, ಹಲಗೆ ಕೂರುವ ತೋಡು) ಆಳವಿಲ್ಲದಿದ್ದರೆ ಹಿಂದಿನ ಹಲಗೆ ಕೂರುವುದೇ ಇಲ್ಲ, ಅಂಗಡಿಯಲ್ಲೇ ಬಿಚ್ಚಿ ನೋಡಿ. ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ ಇರುವುದಂತೂ ಬೇಡ: ಒಣಬಟ್ಟೆಯಲ್ಲಿ ಒರೆಸಿದ ಕೂಡಲೇ ಸ್ಥಿರವಿದ್ಯುತ್ತಿನಿಂದ ಎಲೆ ಮೇಲೆದ್ದು ಹಾಳೆಗೆ ಅಂಟಿಕೊಳ್ಳುತ್ತೆ.

ಜಾಲರಿ ಮಾಡಲು ಎಲೆ ಬಲಿತದ್ದೇ ಆಗಬೇಕು, ಎಳೆಯದು ಉಜ್ಜಿದರೆ ಹರಿಯುತ್ತೆ. ಮೂರು ನಾಲ್ಕು ವಾರ ನೀರಲ್ಲಿ ನೆನೆಸಿ, ಆಗಾಗ ನೀರು ಬದಲಿಸಿ (ಬಕೆಟ್ ತಾರಸಿ ಮೇಲಿರಲಿ, ವಾಸನೆಗೆ ಮನೆಯವರು ಬಯ್ತಾರೆ). ಕೊಳೆತ ಹಸಿರನ್ನು ಮೆದು ಟೂತ್‌ಬ್ರಶ್ಶಿನಲ್ಲಿ ತೆಗೆದು, ಪೇಪರ್ ನಡುವೆ ಭಾರ ಹೇರಿ ಒಣಗಿಸಿ. ಅಂಟಿಸಲು ಫೆವಿಕಾಲ್ ಎಲೆಯ ತೊಟ್ಟಿಗೆ, ನಡುನರಕ್ಕೆ ಮಾತ್ರ ಚುಕ್ಕಿಯಷ್ಟು. ಪೂರ್ತಿ ಬಳಿದರೆ ಹಿಂದಿನ ಕಾಗದ ಉಬ್ಬುತ್ತೆ. ಕಪ್ಪು ಚಾರ್ಟ್ ಮೇಲೆ ಒಂದೊಂದು ನರವೂ ಎದ್ದು ಕಾಣುತ್ತೆ.

ಫ್ರೇಮ್ ನೇತುಹಾಕುವ ಕೊಕ್ಕೆ ಗಟ್ಟಿ. ಹಿಂದಿನ ಪಿನ್ನುಗಳು ಮಾತ್ರ ಸಡಿಲ, ಸುತ್ತ ಬ್ರೌನ್ ಟೇಪ್ ಹಚ್ಚದಿದ್ದರೆ ಧೂಳು, ಹುಳ ಎರಡೂ ಒಳಗೆ.