.38 ಸ್ಪೆಷಲ್ ರೀಲೋಡಿಂಗ್: ಪ್ಲೇಟೆಡ್, ಜಾಕೆಟೆಡ್, ಬರೀ ಸೀಸ, ಕೋಟೆಡ್

ನಾನಿರೋದು ಟೆಕ್ಸಾಸಲ್ಲಿ. ಒಂದು ಭಾರದ .357 ಮ್ಯಾಗ್ನಮ್, ಇನ್ನೊಂದು ಎರಡಿಂಚು ಬ್ಯಾರೆಲ್ಲಿನ ಹಗುರ .38, ಎರಡೂ ರಿವಾಲ್ವರ್. ಎರಡರಲ್ಲೂ ಹೊಡೆಯೋದು .38 ಸ್ಪೆಷಲ್ ಗುಂಡೇ (.357 ಗನ್ನಲ್ಲೂ ಅದು ಕೂರುತ್ತೆ), ಅದೂ ಪೇಪರ್ ಟಾರ್ಗೆಟ್‌ಗೆ. ಹೊಡೆದಾದ್ಮೇಲೆ ಉಳಿಯೋ ಖಾಲಿ ಕೇಸ್ (ಗುಂಡಿನ ಲೋಹದ ಕೊಳವೆ) ಆರಿಸ್ಕೊಂಡು ಬಂದು, ಹೊಸ ಪ್ರೈಮರ್ (ಕಿಡಿ ಹೊತ್ತಿಸೋ ಪುಟ್ಟ ಬಟ್ಟಲು), ಪೌಡರ್, ಬುಲೆಟ್ ಹಾಕಿ ಮನೇಲೇ ರೀಲೋಡ್ ಮಾಡ್ತೀನಿ. (ಇಂಡಿಯಾದಲ್ಲಿ ಲೈಸೆನ್ಸ್ ಇಲ್ದೆ ಇದನ್ನ ಮಾಡೋ ಹಾಗಿಲ್ಲ, 1959ರ ಆರ್ಮ್ಸ್ ಆಕ್ಟ್ ಇದೆ.) ಬುಲೆಟ್ ಯಾವ್ದು ಅಂದ್ರೆ ನನ್ನ ಓಟು 158 ಗ್ರೇನ್ (ಸುಮಾರು ಹತ್ತು ಗ್ರಾಂ) ತೂಕದ ಕೋಟೆಡ್ ಸೆಮಿ ವಾಡ್‌ಕಟರ್‌ಗೆ, ಅಂದ್ರೆ ಮೂತಿ ಚಪ್ಪಟೆ ಇದ್ದು ಸುತ್ತ ಚೂಪು ಅಂಚಿನ ಭುಜ ಇರೋ ಬುಲೆಟ್‌ಗೆ.

ಆಫರಲ್ಲಿ ಸಿಕ್ತು ಅಂತ ಪ್ಲೇಟೆಡ್ ಒಂದು ದೊಡ್ಡ ಬಾಕ್ಸ್ ತಗೊಂಡಿದ್ದೆ. ಸೀಸದ ಮೇಲೆ ತಾಮ್ರದ ತೆಳು ಲೇಪ, ನೋಡಕ್ಕೆ ಚೆಂದ, ಕೈಗೆ ಸೀಸ ಅಂಟಲ್ಲ, ಆದ್ರೆ ಆ ಬುಲೆಟ್‌ಗೆ ಕ್ರಿಂಪ್ ಗ್ರೂವ್ ಇಲ್ಲ, ಅಂದ್ರೆ ಕೇಸಿನ ಬಾಯಿ ಒಳಕ್ಕೆ ಮಡಚಿ (ಅದೇ ಕ್ರಿಂಪ್) ಬುಲೆಟ್ ಹಿಡ್ಕೊಳ್ಳೋಕೆ ಬೇಕಾದ ಕಚ್ಚು. ರಿವಾಲ್ವರಿಗೆ ಅದು ಬೇಕೇ ಬೇಕು. ಯಾಕಂದ್ರೆ ಒಂದು ಗುಂಡು ಹಾರಿದಾಗ ಗನ್ ಹಿಂದಕ್ಕೆ ಒದೆಯುತ್ತೆ, ಸಿಲಿಂಡರಲ್ಲಿ ಉಳಿದಿರೋ ಕೇಸುಗಳೂ ಅದರ ಜೊತೆ ಹಿಂದೆ ಹೋಗ್ತವೆ, ಒಳಗಿರೋ ಬುಲೆಟ್ ಮಾತ್ರ ಇದ್ದಲ್ಲೇ ಇರಕ್ಕೆ ನೋಡುತ್ತೆ, ಹಾಗಾಗಿ ಒದ್ದ ಪ್ರತೀ ಸಲ ಚೂರು ಚೂರೇ ಮುಂದಕ್ಕೆ ಜಾರುತ್ತೆ. ಹಗುರ ಗನ್ನಲ್ಲಿ ಐದನೇ ರೌಂಡಿನ ಬುಲೆಟ್ ಸಿಲಿಂಡರಿಂದ ಹೊರಗೆ ಇಣುಕಿ ಫ್ರೇಮಿಗೆ ತಗುಲ್ಕೊಂಡು ಸಿಲಿಂಡರ್ ತಿರುಗ್ಲೇ ಇಲ್ಲ.

ಹಾಗಾದ್ರೆ ಕ್ರಿಂಪ್ ಬಿಗಿ ಮಾಡಿದ್ರಾಯ್ತಲ್ಲ? ಅದನ್ನೂ ನೋಡಿದೆ. ಬಿಗಿ ಮಾಡಿದ ರೌಂಡನ್ನ ಪುಲ್ಲರಲ್ಲಿ (ಬುಲೆಟ್ ಹೊರಗೆ ತೆಗೆಯೋ ಸುತ್ತಿಗೆ ಥರದ್ದು) ಕುಟ್ಟಿ ಬಿಚ್ಚಿದ್ರೆ ಬುಲೆಟ್ ಸುತ್ತ ಬಳೆ ಥರ ಗೆರೆ, ತಾಮ್ರ ಕತ್ತರಿಸಿ ಒಳಗಿನ ಬೂದು ಸೀಸ ಕಾಣ್ತಿತ್ತು. ಲೇಪ ಹಾಗೆ ಕಿತ್ತೋದ್ರೆ ಗುರಿ ನಿಲ್ಲಲ್ಲ. ಸಡಿಲ ಬಿಟ್ರೆ ಜಾರುತ್ತೆ, ಬಿಗಿ ಮಾಡಿದ್ರೆ ಲೇಪ ಹರಿಯುತ್ತೆ, ನನ್ನ ಚಿಕ್ಕ ಗನ್ನಿಗೆ ಇವೆರಡರ ಮಧ್ಯೆ ಜಾಗವೇ ಸಿಗಲಿಲ್ಲ. ಭಾರದ .357ರಲ್ಲಿ ಇದೇ ಬುಲೆಟ್ ತಕರಾರಿಲ್ದೆ ಓಡುತ್ತೆ, ಅದನ್ನೂ ಹೇಳ್ಬೇಕು.

ಜಾಕೆಟೆಡ್, ಅಂದ್ರೆ ಸೀಸದ ಮೇಲೆ ತಾಮ್ರದ ದಪ್ಪ ಕವಚ ಇರೋದು: ಪೂರ್ತಿ ಜೋರಿನ ಮ್ಯಾಗ್ನಮ್ ಲೋಡಿಗೆ ಅದೇ ಸರಿ. ನನ್ನಂಥೋರ ಕಮ್ಮಿ ಪೌಡರಿನ ಮೆತ್ತನೆ ಲೋಡಿಗೆ ದುಡ್ಡು ದಂಡ, ಜೊತೆಗೆ ಪೌಡರ್ ತೀರಾ ಕಮ್ಮಿ ಆದ್ರೆ ಬ್ಯಾರೆಲ್ಲಲ್ಲೇ ಸಿಕ್ಕಾಕೊಳ್ಳುತ್ತೆ, ಅದರ ಹಿಂದೆ ಇನ್ನೊಂದು ಹೊಡೆದ್ರೆ ಬ್ಯಾರೆಲ್ ಉಬ್ಬಬಹುದು, ಸೀಳಲೂಬಹುದು.

ಬರೀ ಸೀಸದ್ದು ಎಲ್ಲಕ್ಕಿಂತ ಅಗ್ಗ. ಗಟ್ಟಿ ಸೀಸ ಇದ್ದಷ್ಟೂ ಒಳ್ಳೇದು ಅಂತ ತುಂಬ ಜನ ಅಂದ್ಕೊಂಡಿದಾರೆ, ಮೆತ್ತನೆ ಲೋಡಲ್ಲಿ ಅದು ಉಲ್ಟಾ: ಗಟ್ಟಿ ಬುಲೆಟ್ಟಿನ ತಳ ಅಗಲ ಆಗಿ ಬ್ಯಾರೆಲ್ ಮುಚ್ಚಲ್ಲ, ಬಿಸಿ ಗ್ಯಾಸ್ ಪಕ್ಕದಲ್ಲಿ ನುಗ್ಗಿ ಸೀಸ ಕರಗಿಸಿ ಬ್ಯಾರೆಲ್ಲಿಗೆ ಮೆತ್ತುತ್ತೆ. ಆಮೇಲೆ ತಾಮ್ರದ ನಾರು ಬ್ರಷ್ಷಿಗೆ ಸುತ್ಕೊಂಡು ಉಜ್ಜೋ ಕೆಲಸ. ಇಂಡೋರ್ ರೇಂಜಲ್ಲಿ ಲ್ಯೂಬ್ (ಸೀಸಕ್ಕೆ ಹಚ್ಚಿರೋ ಮೇಣದಂಥ ಜಿಡ್ಡು) ಹೊಗೆ ಬೇರೆ.

ಕೋಟೆಡ್‌ದೂ ಒಳಗೆ ಸೀಸವೇ, ಮೇಲೆ ಪಾಲಿಮರ್. ಲ್ಯೂಬ್ ಇಲ್ಲ, ಹೊಗೆ ಕಮ್ಮಿ, ನಾನು ತಗೊಳ್ಳೋದ್ರಲ್ಲಿ ಕ್ರಿಂಪ್ ಗ್ರೂವ್ ಇದೆ, ಕೇಸಿನ ಬಾಯಿ ಅದರೊಳಗೆ ಮಡಚಿ ಕೂತ್ರೆ ಚಿಕ್ಕ ಗನ್ನಲ್ಲೂ ಅಲ್ಲಾಡಲ್ಲ. ಬುಲೆಟ್ ಕೂರಿಸೋಕೆ ಮುಂಚೆ ಕೇಸ್ ಬಾಯಿ ಸ್ವಲ್ಪ ಜಾಸ್ತಿ ಅರಳಿಸ್ಬೇಕು, ಇಲ್ದಿದ್ರೆ ಕೋಟಿಂಗ್ ಕೆರೆದು ಬರುತ್ತೆ. ಪೌಡರ್ ಲೆಕ್ಕ ಮ್ಯಾನ್ಯುಯಲ್‌ನಲ್ಲಿ ಆ ತೂಕದ ಸೀಸದ ಬುಲೆಟ್‌ಗೆ ಕೊಟ್ಟಿರೋದೇ ನೋಡಿ, ಜಾಕೆಟೆಡ್‌ದು ಇದಕ್ಕೆ ಹಾಕ್ಬೇಡಿ. ಪ್ರೈಮರಲ್ಲೂ ಸಾಮಾನ್ಯವಾಗಿ ಸೀಸ ಇರುತ್ತೆ, ಯಾವ ಬುಲೆಟ್ ಆದ್ರೂ ಕೈ ತೊಳೀದೆ ತಿನ್ಬೇಡಿ.

ಸೆಮಿ ವಾಡ್‌ಕಟರ್ ಪೇಪರಲ್ಲಿ ಪಂಚ್ ಹೊಡೆದ ಹಾಗೆ ದುಂಡಗೆ ತೂತು ಮಾಡುತ್ತೆ, ಗೆರೆ ಮುಟ್ಟಿದ್ಯಾ ಇಲ್ವಾ ಅಂತ ಜಗಳ ಇರಲ್ಲ. ಸ್ಪೀಡ್‌ಲೋಡರ್ (ಎಲ್ಲಾ ಗುಂಡೂ ಒಟ್ಟಿಗೆ ತುಂಬೋ ಸಾಧನ) ಬಳಸೋರು ಮಾತ್ರ ದುಂಡು ಮೂತಿಯ ರೌಂಡ್ ನೋಸ್ ತಗೊಳ್ಳಿ, ಸೆಮಿ ವಾಡ್‌ಕಟರಿನ ಭುಜ ಚೇಂಬರ್ (ಸಿಲಿಂಡರಲ್ಲಿ ಗುಂಡು ಕೂರೋ ತೂತು) ಅಂಚಿಗೆ ತಡೆಯುತ್ತೆ. ನಾನು ಒಂದೊಂದೇ ತುಂಬೋನು, ನಂಗೆ ತೊಂದ್ರೆ ಇಲ್ಲ. ಆರ್ಡರ್ ಮಾಡೋವಾಗ ಸೈಜು .358 ಇಂಚು ಇದ್ಯಾ ನೋಡ್ಕೊಳ್ಳಿ, .357 ಸಾಮಾನ್ಯವಾಗಿ ಜಾಕೆಟೆಡ್ ಅಳತೆ.