ಏರ್‌ಟೆಲ್ ಷೇರೋ, ವೊಡಾಫೋನ್ ಐಡಿಯಾ ಷೇರೋ?

"ಹತ್ತು ರೂಪಾಯಿಗೆ ಸಿಗುತ್ತೆ, ಇಷ್ಟು ದೊಡ್ಡ ಕಂಪನಿ, ಯಾಕೆ ಏರ್ತಿಲ್ಲ?" ವೊಡಾಫೋನ್ ಐಡಿಯಾ ಷೇರು ಹಿಡಿದ ಸಣ್ಣ ಹೂಡಿಕೆದಾರರ ಈ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಬೆಲೆ ಕಡಿಮೆ ಇರುವುದು ಬೇರೆ, ಷೇರು ಅಗ್ಗವಾಗಿರುವುದು ಬೇರೆ.

2019ರಲ್ಲಿ ಎರಡೂ ಕಂಪನಿಗಳು ಹಕ್ಕಿನ ಷೇರು (ಈಗಿರುವ ಷೇರುದಾರರಿಗೇ ಮೊದಲು ನೀಡುವ ಹೊಸ ಷೇರು) ಕೊಟ್ಟು ತಲಾ ಸುಮಾರು 25,000 ಕೋಟಿ ರೂಪಾಯಿ ಎತ್ತಿದವು. ಏರ್‌ಟೆಲ್ ಬೆಲೆ 220 ರೂಪಾಯಿ, ವೊಡಾಫೋನ್ ಐಡಿಯಾದ್ದು 12.50. ಅದೇ ವರ್ಷದ ಅಕ್ಟೋಬರ್‌ನಲ್ಲಿ ಎಜಿಆರ್ ಬಾಕಿಯ (ಕಂಪನಿಯ ಆದಾಯದ ಲೆಕ್ಕದಲ್ಲಿ ಸರ್ಕಾರಕ್ಕೆ ಕಟ್ಟಬೇಕಾದ ಶುಲ್ಕದ ಬಾಕಿ) ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂತು. ಇಬ್ಬರಿಗೂ ಪೆಟ್ಟು ಬಿತ್ತು. ಏರ್‌ಟೆಲ್ ಚೇತರಿಸಿಕೊಂಡು 2024ರಲ್ಲಿ 1,500 ದಾಟಿತು. ವೊಡಾಫೋನ್ ಐಡಿಯಾ ಅದೇ ವರ್ಷ 11 ರೂಪಾಯಿಗೆ ಮತ್ತೆ ಷೇರು ಮಾರಿತು.

ಒಂದು ಮುಖ್ಯ ಕಾರಣ ಷೇರುಗಳ ಸಂಖ್ಯೆಯಲ್ಲಿದೆ. 2025ರಲ್ಲಿ ವೊಡಾಫೋನ್ ಐಡಿಯಾ ಸರ್ಕಾರಕ್ಕೆ ಕೊಡಬೇಕಾದ 36,950 ಕೋಟಿ ಬಾಕಿ ತಲಾ 10 ರೂಪಾಯಿಯ ಷೇರುಗಳಾಯಿತು. ಸರ್ಕಾರದ ಪಾಲು ಸುಮಾರು 49%ಕ್ಕೆ ಏರಿತು. ಒಟ್ಟು ಷೇರುಗಳು 10,800 ಕೋಟಿ ದಾಟಿದವು. ಏರ್‌ಟೆಲ್‌ನದ್ದು 600 ಕೋಟಿ ಆಸುಪಾಸು ಅಷ್ಟೇ. ನಾಳೆ ಲಾಭ ಬಂದರೂ ಅಷ್ಟು ಪಾಲಾಗಬೇಕಲ್ವಾ? ಹಳೆಯ ಷೇರುದಾರರ ನೋವೂ ಇದೇ: ಕಂಪನಿ ಉಳಿಯಿತು, ಅವರ ಪಾಲು ಕರಗಿತು.

ಏರ್‌ಟೆಲ್ ಲಾಭಾಂಶ ಕೊಡುತ್ತದೆ, ಆಫ್ರಿಕಾದಲ್ಲೂ ವ್ಯವಹಾರವಿದೆ. ಬೆಲೆ ಮಾತ್ರ ಆಗಲೇ ಜಾಸ್ತಿ.

ಮಕ್ಕಳ ಓದಿಗೆ ಇಟ್ಟ ಹಣವಾದರೆ ನಾನು ವೊಡಾಫೋನ್ ಐಡಿಯಾ ಮುಟ್ಟುವುದಿಲ್ಲ. ಹೋದರೂ ಪರವಾಗಿಲ್ಲ ಅನ್ನುವಷ್ಟು ಹಣವಿದ್ದರೆ ಸ್ವಲ್ಪ ಹಾಕಬಹುದು. ಆದರೆ ಬೆಲೆ ಇಳಿಯಿತೆಂದು ಸುಮ್ನೆ ಮತ್ತೆ ಮತ್ತೆ ಕೊಳ್ಳಬೇಡಿ.